ಕಾಟಮ್ಮನ ಹೆಬ್ಬೆಟ್ಟಿಗೆ ನಾನು ಬರೆದುಕೊಟ್ಟ ಸುಳ್ಳು

ಕುರಿ ತಳಿ ಸುಧಾರಿಸಲು ನಮ್ಮ ಹಟ್ಟಿಯವರೆಗೂ ಜೀಪಿನಲ್ಲಿ ದಯಮಾಡಿಸಿದ್ದ ಮಾನ್ಯ ಅಧಿಕಾರಿಗಳೇ,

ಕಳೆದ ಕಾರ್ತೀಕದಲ್ಲಿ ಎರಡು ಸರ್ಕಾರಿ ಟಗರು ಸತ್ತದ್ದಕ್ಕೆ “ಅನಕ್ಷರಸ್ಥ ಕುರಿಗಾಹಿ ಕಾಟಮ್ಮನ ಅಜ್ಞಾನವೇ ಕಾರಣ” ಎಂದು ತಾವು ಮೇಲಕ್ಕೆ ವರದಿ ಕಳಿಸಿದ್ದೀರಿ. ಅದು ಸುಳ್ಳು. ನನಗೆ ಹೇಗೆ ಗೊತ್ತು ಎನ್ನುವಿರಾ? ಆ ವರದಿಗೆ ಆಧಾರವಾದ ಕಾಟಮ್ಮನ ಹೇಳಿಕೆಯನ್ನು ಬರೆದ ಕೈ ನನ್ನದೇ. ಬಾಗೂರಿನ ಆಚೆಗಿರುವ ಈ ಹಟ್ಟಿಯ ಶಾಲೆಗೆ ನಾನೊಬ್ಬನೇ ಮೇಷ್ಟ್ರು.

ಅಂದು ತಾವು ಎಂಟು ಮಿಶ್ರತಳಿ ಟಗರುಗಳನ್ನು ಇಳಿಸಿ, ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದ್ದನ್ನು ಕಂಡು ಹಿಗ್ಗಿದಿರಿ. “ಹಸಿರು ಮೇವು, ಬಹಳ ಪೌಷ್ಟಿಕ” ಎಂದು ನಮಗೆಲ್ಲ ಭಾಷಣವನ್ನೂ ಮಾಡಿದಿರಿ. ಅರವತ್ತು ವರ್ಷ ಕುರಿಗಳ ನಡುವೆಯೇ ಬದುಕಿದ ಕಾಟಮ್ಮ ಅಡ್ಡ ಬಂದಳು.

“ಸಾಹೇಬ್ರೆ, ಆ ಚಿಗುರಿಗೆ ಬಿಡಬ್ಯಾಡ್ರಿ. ಅದ್ರಾಗೆ ವಿಷ ಐತೆ. ನಾವು ನಮ್ ಕುರಿನೇ ಅತ್ಲಾಗೆ ಬಿಡಲ್ಲ.”

“ನೀನು ಎಷ್ಟನೇ ಕ್ಲಾಸು ಓದಿದೀಯಮ್ಮ?”

“ಇಸ್ಕೂಲ್ ಬಾಗ್ಲೇ ತುಳಿದಿಲ್ಲ ಸ್ವಾಮಿ.”

“ಹಾಗಾದರೆ ಓದಿದವರಿಗೆ ಬಿಡು” ಎಂದು ನಕ್ಕಿರಿ. ನಾನೂ ನಕ್ಕೆ. ಪದವೀಧರರು ನಗುವಾಗ ಎಸ್ಸೆಸ್ಸೆಲ್ಸಿಯವನು ಸುಮ್ಮನಿದ್ದರೆ ಆದೀತೇ?

ತಾವೇ ಟಗರುಗಳನ್ನು ಆ ಚಿಗುರಿಗೆ ಬಿಟ್ಟಿರಿ. ಅರ್ಧ ಗಂಟೆಯೊಳಗೆ ಅವು ತೂರಾಡಿದವು. ಬಾಯಲ್ಲಿ ನೊರೆ, ಉಸಿರಿಗೆ ಒದ್ದಾಟ. ತಾವು ಜೀಪಿನಿಂದ ದಪ್ಪ ಪುಸ್ತಕ ತಂದು ಪುಟ ತಿರುವತೊಡಗಿದಿರಿ. ಆದರೆ ಟಗರುಗಳಿಗೆ ತಾವು ಸರಿಯಾದ ಅಧ್ಯಾಯ ಹುಡುಕುವವರೆಗೆ ಕಾಯುವ ವ್ಯವಧಾನವಿರಲಿಲ್ಲ. ಎರಡು ಅಲ್ಲೇ ಸತ್ತವು. “ಲೇ ಚಿತ್ತಪ್ಪ, ಉಳಿದವನ್ನ ಹೊರಗೆ ಹೊಡಿ!” ಎಂದು ಅಳಿಯನನ್ನು ಕೂಗಿದ ಕಾಟಮ್ಮ, ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ನೀರಿಗೆ ಕಿವುಚಿ, ಬಿದಿರಿನ ಗೊಟ್ಟದಲ್ಲಿ ಒಂದೊಂದರ ಗಂಟಲಿಗೂ ಹುಯ್ದಳು. ಆರು ಉಳಿದವು. ಅವು ಎದ್ದು ನಿಂತಾಗ ತಾವಿನ್ನೂ ಪುಸ್ತಕದ ಅನುಕ್ರಮಣಿಕೆಯಲ್ಲೇ ಇದ್ದಿರಿ.

ಅದೇ ಮಧ್ಯಾಹ್ನ ನನ್ನ ಶಾಲೆಯಲ್ಲಿ ಕುಳಿತು ಕಾಟಮ್ಮನ ಹೇಳಿಕೆಯೆಂದು ತಾವು ಹೇಳಿದಿರಿ, ನಾನು ಬರೆದೆ. “ನಾನೇ ತಿಳಿಯದೆ ಟಗರುಗಳನ್ನು ಹೊಲಕ್ಕೆ ಬಿಟ್ಟೆನು” ಎಂಬಲ್ಲಿ ನನ್ನ ಪೆನ್ನು ಒಮ್ಮೆ ನಿಂತಿತು. “ಬರೀರಿ ಮೇಷ್ಟ್ರೇ, ನಿಮ್ಮ ಅಕ್ಷರ ದುಂಡಗಿದೆ” ಎಂದಿರಿ. ಬರೆದೆ. ವರ್ಗಾವಣೆಯ ಭಯ ಹೊಗಳಿಕೆಯ ರೂಪದಲ್ಲಿ ಬಂದರೆ ಇನ್ನೂ ಬೇಗ ನಾಟುತ್ತದೆ. ಕಾಟಮ್ಮ ಕೇಳಿದಳು, “ಏನ್ ಬರ್ದೀರಿ ಮೇಷ್ಟ್ರೇ?” ನಾನೆಂದೆ, “ಆರು ಟಗರು ಉಳಿಸಿದ್ದೀಯ ಅಂತ.” ಅವಳು ಸಂತೋಷದಿಂದಲೇ ಹೆಬ್ಬೆಟ್ಟು ಒತ್ತಿದಳು.

ಎರಡು ತಿಂಗಳಿಗೆ ತಮ್ಮ ಆದೇಶ ಬಂತು: ಈ ಹಟ್ಟಿಯವರು ಅಯೋಗ್ಯರು, ಇನ್ನು ಇವರ ಕುರಿಗಳಿಗೆ ಲಸಿಕೆಯಿಲ್ಲ. ಕಾಟಮ್ಮ ಆ ಕಾಗದ ಹಿಡಿದು ಬಂದಾಗ ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅವಳು, “ನಿಮ್ಮನ್ನ ನಂಬಿದ್ನಲ್ಲಪ್ಪ” ಎಂದಳು. ಆಮೇಲೆ, “ಸೂಜಿ ಮದ್ದು ಒಳ್ಳೇದು, ಅದು ಬೇಕು. ಓದೂ ಒಳ್ಳೇದೇ ಇರ್ಬೇಕು, ಇಲ್ದಿದ್ರೆ ನೀವ್ಯಾಕೆ ಅದನ್ನ ಹಿಂಗೆ ಬಚ್ಚಿಟ್ಕಂತಿದ್ರಿ? ನಂಗೂ ಕಲಿಸ್ರಿ” ಎಂದಳು.

ಸ್ವಾಮಿ, ನಮ್ಮಿಬ್ಬರಿಗೂ ಪ್ರಮಾಣಪತ್ರಗಳಿವೆ. ತಮ್ಮದಕ್ಕೆ ಗಾಜಿನ ಚೌಕಟ್ಟೂ ಇರಬಹುದು. ಆದರೆ ಜೋಳದ ಚಿಗುರು ಕೊಲ್ಲುತ್ತದೆಂಬುದು ತಮಗೆ ತಿಳಿದಿರಲಿಲ್ಲ. ಸುಳ್ಳು ಬರೆಯಬಾರದೆಂಬುದು ನನಗೆ ತಿಳಿದೂ ಉಪಯೋಗವಾಗಲಿಲ್ಲ. ಇವೆರಡೂ ಬಲ್ಲವಳನ್ನು ಅಜ್ಞಾನಿ ಎನ್ನಲು ನಮಗೆ ಯಾವ ವಿಶ್ವವಿದ್ಯಾಲಯ ಅಧಿಕಾರ ಕೊಟ್ಟಿದೆ?

ಆದ್ದರಿಂದ ಆ ವರದಿಯನ್ನು ಹಿಂಪಡೆಯಿರಿ. ಟಗರುಗಳನ್ನು ಹೊಲಕ್ಕೆ ಬಿಟ್ಟವರು ಯಾರೆಂದು ತಮ್ಮ ಕೈಯಾರೆ ಬರೆಯಿರಿ. ಲಸಿಕೆ ಕಳಿಸಿಕೊಡಿ. ನನ್ನ ತಪ್ಪಿಗೆ ಶಿಕ್ಷೆಯಿದ್ದರೆ ಅದನ್ನೂ ಜೊತೆಗೇ ಕಳಿಸಿ. ಹೊಸ ಹೇಳಿಕೆಯನ್ನು ತಾವೇ ತನ್ನಿ. ಕಾಟಮ್ಮ ಅದನ್ನು ಓದಿದ ಮೇಲೆಯೇ ರುಜು ಮಾಡುತ್ತಾಳಂತೆ. ಒತ್ತಕ್ಷರ ಬಂದಲ್ಲಿ ಇನ್ನೂ ತಡವರಿಸುತ್ತಾಳೆ. ಬಿಡುವು ಮಾಡಿಕೊಂಡು ಬನ್ನಿ.

ಇಂತಿ,
ತರಬೇತಿ ಪಾಸಾಗಿ ಹನ್ನೊಂದು ವರ್ಷವಾದರೂ ಈಗಷ್ಟೇ ಒಂದನೇ ಪಾಠ ಕಲಿತಿರುವ
ಕರಿಸಿದ್ದಪ್ಪ, ಹಟ್ಟಿ ಶಾಲೆಯ ಮೇಷ್ಟ್ರು
ಹೊಸದುರ್ಗ ತಾಲ್ಲೂಕು, ೧೯೭೫