ವೇದಿಕೆ ಇಳಿದು ಬಂದದ್ದಕ್ಕೆ

ಕಲ್ಲಡ್ಕ
೨೨-೧೧-೨೦೨೫, ಶನಿವಾರ

ಪ್ರೀತಿಯ ಮಗಳು ದೀಕ್ಷಾಳಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದಿ? ಸೊಂಟನೋವು ಕಡಿಮೆ ಆಯಿತಾ? ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವಳು ರೂಮಿಗೆ ಬಂದ ಮೇಲಾದರೂ ಕಾಲು ಚಾಚಿ ಕೂತುಕೋ. ನನ್ನ ಬಿಪಿ ಸರಿ ಉಂಟು, ಮಾತ್ರೆ ತಪ್ಪಿಸುವುದಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು, ‘ಅಮ್ಮಾ, ಒಂದು ಸಾರಿ ಕ್ಷಮೆ ಕೇಳಿಬಿಡು, ಮುಗಿಯುತ್ತದೆ’ ಅಂತ ಶುರು ಮಾಡ್ತಿ. ಕಾಗದವಾದರೆ ನಿನಗೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲವಲ್ಲ! ನಮ್ಮ ಕೇಂದ್ರದ ಟೀಚರ್ ಶಮ್ನಾಳ ಗಂಡ ಬುಧವಾರ ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನೂ ಹಲಸಿನ ಹಪ್ಪಳವನ್ನೂ ಕಳಿಸ್ತಿದ್ದೇನೆ. ಹಪ್ಪಳ ಆಮೇಲೆ ಕರಿ, ಮೊದಲು ಇದನ್ನು ಓದು.

ಮೂಡುಬಿದಿರೆಯ ಆ ಸಭಾಂಗಣದಲ್ಲಿ ಏನಾಯಿತು ಎಂದು ನೀನು ಯಾರದೋ ಮೊಬೈಲಿನ ಅರ್ಧ ನಿಮಿಷದ ವಿಡಿಯೋ ನೋಡಿ ತಿಳಿದುಕೊಂಡಿದ್ದಿ. ಅದರಲ್ಲಿ ನಾನು ಮೈಕ್ ಕಿತ್ತುಕೊಂಡದ್ದು ಮಾತ್ರ ಕಾಣುತ್ತದೆ. ಅದಕ್ಕೆ ಮೊದಲಿನದ್ದು ಕೇಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮಕ್ಕಳಿಗಾಗಿ, ಅವರ ಮನೆಯವರಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ಅನುದಾನ ಕೊಡ್ತೇವೆ ಎಂದು ಟ್ರಸ್ಟಿನವರು ಕರೆದದ್ದು ಹನ್ನೆರಡು ಸಂಸ್ಥೆಗಳನ್ನು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಜೊತೆಗೆ ಒಂದು ಮಗುವನ್ನೂ ತಾಯಿಯನ್ನೂ ಕರೆತರಬೇಕು. ನಮ್ಮ ವಿಶೇಷ ಮಕ್ಕಳ ಕೇಂದ್ರದಿಂದ ನಾನು ಪ್ರಾಪ್ತಿಯನ್ನೂ ಅವಳ ಅಮ್ಮ ರಾಜೀವಿಯನ್ನೂ ಕರೆದುಕೊಂಡು ಹೋದೆ. ಪ್ರಾಪ್ತಿಗೆ ಈಗ ಒಂಬತ್ತು. ನಡೆಯಲಾಗುವುದಿಲ್ಲ, ಮಾತು ತಡವರಿಸುತ್ತದೆ, ಆದರೆ ತಲೆ ನಮ್ಮೆಲ್ಲರಿಗಿಂತ ಚುರುಕು ಎಂದು ನಿನಗೆ ಗೊತ್ತಲ್ಲ. ಮೂರು ದಿನದಿಂದ ಒಂದು ಪದ್ಯ ಕಲಿತು ತಯಾರಾಗಿದ್ದಳು. ರಾಜೀವಿ ಒಂದು ದಿನದ ಬೀಡಿ ಕೆಲಸ ಬಿಟ್ಟು, ಮದುವೆ ಮನೆಗಳಿಗೆ ಉಡಲೆಂದು ತೆಗೆದಿಟ್ಟ ನೀಲಿ ಸೀರೆ ಉಟ್ಟು ಬಂದಿದ್ದಳು.

ಪದ್ಯ ಯಾರೂ ಕೇಳಲಿಲ್ಲ ಮಾರಾಯ್ತಿ. ಕಾರ್ಯಕ್ರಮ ನಡೆಸಿಕೊಡುವ ಆ ಕೋಟಿನ ಮನುಷ್ಯ ಕೈಯಲ್ಲಿ ನಮ್ಮ ಅರ್ಜಿ ಹಿಡಿದು, ಕ್ಯಾಮರಾದವನನ್ನು ಹತ್ತಿರ ಕರೆದು, ರಾಜೀವಿಯ ಬಾಯಿಗೆ ಮೈಕ್ ಹಿಡಿದ. ‘ಮಗು ಹೀಗೆಂದು ಗೊತ್ತಾದ ಕೂಡಲೇ ನಿಮ್ಮ ಗಂಡ ಬಿಟ್ಟು ಹೋದರಂತೆ. ಆ ದಿನ ನಿಮಗೆ ಏನನ್ನಿಸಿತು, ನಮ್ಮೊಂದಿಗೆ ಹಂಚಿಕೊಳ್ಳಿ.’

ಪ್ರಾಪ್ತಿಗೆ ಅದು ಗೊತ್ತಿರಲಿಲ್ಲ ದೀಕ್ಷಾ. ಅಪ್ಪ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ, ರಜೆ ಸಿಕ್ಕುವುದಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದು. ಮಗು ಕತ್ತು ತಿರುಗಿಸಿ ಅಮ್ಮನ ಮುಖ ನೋಡಿತು. ರಾಜೀವಿ ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು ಮೈಕಿನಿಂದ ಮುಖ ತಿರುಗಿಸಿದಳು. ಆ ಮನುಷ್ಯ ಬಿಡಲಿಲ್ಲ. ‘ಅಳಬೇಕು ಅನ್ನಿಸಿದರೆ ಅಳಿ, ಸಂಕೋಚ ಬೇಡ’ ಎಂದ. ಆಗ ನಾನು ಮೈಕ್ ಕಿತ್ತುಕೊಂಡೆ. ‘ನಾವು ಬಂದದ್ದು ಈ ಮಕ್ಕಳಿಗೆ ಮಾತು ಕಲಿಸುವ ಒಬ್ಬ ಥೆರಪಿಸ್ಟ್ ಬೇಕೆಂದು ಕೇಳಲು. ಕಣ್ಣೀರು ತೋರಿಸಿ ಹಣ ಕೊಂಡುಹೋಗಲು ಅಲ್ಲ. ನಿಮ್ಮ ಅನುದಾನ ನಿಮ್ಮಲ್ಲೇ ಇರಲಿ’ ಎಂದೆ. ಪ್ರಾಪ್ತಿಯ ಗಾಲಿಕುರ್ಚಿಯನ್ನು ನಾನೇ ತಳ್ಳಿ ಇಳಿಸಿದೆ. ಸ್ವರ ಸ್ವಲ್ಪ ಜೋರಾಗಿಯೇ ಇತ್ತು. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮೈಕ್ ಇಲ್ಲದೆ ಮಾತಾಡಿದವಳ ಸ್ವರ ಅದು, ಬೇರೆ ಹೇಗೆ ಇರಬೇಕು?

ನಮ್ಮ ನಂತರದ ಸರದಿ ಬೆಳ್ತಂಗಡಿಯ ನಸೀಬಾಳದ್ದು. ಬಾಣಂತಿಯರ, ಎಳೆ ಮಕ್ಕಳ ಆರೈಕೆ ಮಾಡುವ ಸಂಸ್ಥೆ ಅವಳದ್ದು. ಹೆಸರು ಕರೆದಾಗ ಅವಳು ಕೂತಲ್ಲಿಂದಲೇ, ‘ನಾವೂ ಹತ್ತುವುದಿಲ್ಲ’ ಎಂದಳು. ನೆರಿಯದಲ್ಲಿ ಕಾಡಂಚಿನ ಮಕ್ಕಳಿಗೆ ಸಂಜೆ ಶಾಲೆ ನಡೆಸುವ ನೋಣಯ್ಯ ಚೀಲ ಹೆಗಲಿಗೆ ಹಾಕಿ ಹೊರಗೆ ಬಂದರು. ‘ಈ ಹಣ ಬಾರದಿದ್ದರೆ ಮಾರ್ಚಿಗೆ ನನ್ನ ಶಾಲೆಗೆ ಬೀಗ, ನೀಲಾವತಿಯಕ್ಕ. ಆದರೂ ಅಲ್ಲಿ ಕೂರಲು ಮನಸ್ಸು ಬರಲಿಲ್ಲ’ ಎಂದರು. ಒಟ್ಟು ಐದು ಸಂಸ್ಥೆಯವರು ಹೊರಗೆ ಬಂದೆವು. ಉಳಿದವರನ್ನು ನಾನು ದೂರುವುದಿಲ್ಲ, ಅವರ ಮಕ್ಕಳ ಹೊಟ್ಟೆಯೂ ಹೊಟ್ಟೆಯೇ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತು, ಬನ್ಸ್ ತಿಂದು, ಅಲ್ಲೇ ಅದೇ ಟ್ರಸ್ಟಿಗೆ ಹೊಸ ಅರ್ಜಿ ಬರೆದೆವು. ಐವರಿಗೂ ಸೇರಿ ಒಬ್ಬ ಥೆರಪಿಸ್ಟ್, ಒಂದು ವ್ಯಾನು, ಜೊತೆಗೆ ನೋಣಯ್ಯನವರ ಶಾಲೆ ನಡೆಯುವಷ್ಟು ಖರ್ಚು. ಕೊಡುವುದಾದರೆ ಐವರಿಗೂ ಕೊಡಿ. ನಮ್ಮ ಕೆಲಸ ಬಂದು ನೋಡಿ, ಲೆಕ್ಕ ಕೇಳಿ. ಮಕ್ಕಳನ್ನು ವೇದಿಕೆಗೆ ಕರೆಯಬೇಡಿ. ಇಷ್ಟೇ.

ಇನ್ನು ನೀನು ಕೇಳುವ ಕ್ಷಮೆಯ ವಿಷಯ. ಆ ಮನುಷ್ಯನ ಕೈಗೆ ರಾಜೀವಿಯ ಸಂಸಾರದ ಕಥೆ ಸಿಕ್ಕಿದ್ದು ಎಲ್ಲಿಂದ? ನಮ್ಮ ಅರ್ಜಿಯಿಂದ. ಟೈಪ್ ಮಾಡಿದ್ದು ನೀನು, ಫೋನಿನಲ್ಲಿ ನಿನಗೆ ಹೇಳಿದ್ದು ನಾನು. ‘ಕುಟುಂಬದ ಹಿನ್ನೆಲೆ’ ಎಂಬ ಜಾಗ ತುಂಬಿಸಲು ಅವಳನ್ನು ಒಂದು ಮಾತು ಕೇಳದೆ ಹೇಳಿಬಿಟ್ಟೆ. ಅದು ನನ್ನ ತಪ್ಪು. ಮರುದಿನವೇ ಅವರ ಮನೆಗೆ ಹೋದೆ. ರಾಜೀವಿ ಬೀಡಿ ಎಲೆ ಕತ್ತರಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಇಬ್ಬರ ಎದುರೂ ಕೂತು ತಪ್ಪಾಯಿತು ಎಂದೆ. ಪ್ರಾಪ್ತಿ ಕಷ್ಟಪಟ್ಟು ಒಂದೊಂದೇ ಶಬ್ದ ಜೋಡಿಸಿ, ‘ನನ್ನಿಂದಾಗಿ ಹೋದದ್ದಾ?’ ಎಂದು ಅಮ್ಮನನ್ನು ಕೇಳಿದಳು. ರಾಜೀವಿ ಕತ್ತರಿ ಕೆಳಗಿಟ್ಟಳು. ‘ಅಲ್ಲ. ಅವರಿಗೆ ಧೈರ್ಯ ಇರಲಿಲ್ಲ, ಹೋದರು. ನನಗೆ ಇತ್ತು, ಉಳಿದೆ’ ಎಂದಳು. ಮಗು ನಾಲ್ಕು ದಿನ ಕೇಂದ್ರಕ್ಕೆ ಬರಲಿಲ್ಲ. ಐದನೆಯ ದಿನ ಬಂದು, ನನ್ನನ್ನು ಬಿಟ್ಟು ಎಲ್ಲರ ಹತ್ತಿರ ಮಾತಾಡಿದಳು. ಈಗ ನನ್ನ ಹತ್ತಿರವೂ ಸ್ವಲ್ಪ ಸ್ವಲ್ಪ ಮಾತಾಡ್ತಾಳೆ. ಕ್ಷಮೆ ಕೇಳಬೇಕಾದಲ್ಲಿ ನಾನು ಕೇಳಿ ಆಯಿತು. ಮೈಕ್ ಕಿತ್ತುಕೊಂಡದ್ದಕ್ಕೆ ಯಾರಲ್ಲೂ ಕೇಳುವುದಿಲ್ಲ.

ನಿನ್ನೆ ಟ್ರಸ್ಟಿನ ಹಿರಿಯ ಹೆಂಗಸೊಬ್ಬರು ಕೇಂದ್ರಕ್ಕೆ ಒಬ್ಬರೇ ಬಂದಿದ್ದರು. ಕ್ಯಾಮರಾ ಇಲ್ಲ, ಹಾರ ಇಲ್ಲ. ಮಕ್ಕಳ ಜೊತೆ ಚಾಪೆಯಲ್ಲಿ ಕೂತು ಗಂಜಿ ಉಂಡರು. ಹೊರಡುವಾಗ, ನಮ್ಮ ಐವರ ಅರ್ಜಿ ಒಪ್ಪಿದ್ದೇವೆ, ಸದ್ಯಕ್ಕೆ ಒಂದು ವರ್ಷಕ್ಕೆ, ಮಕ್ಕಳ ಫೋಟೋ ಕೇಳುವುದಿಲ್ಲ ಎಂದರು. ವ್ಯಾನು ಮಾತ್ರ ಇಲ್ಲವಂತೆ. ಇಲ್ಲದಿದ್ದರೆ ಬೇಡ, ಇಷ್ಟು ವರ್ಷ ಬಸ್ಸಿನಲ್ಲಿ ಹೋದವರಿಗೆ ಇನ್ನೊಂದು ವರ್ಷ ಏನು?

ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ನೀಲಾವತಿ

ಮರೆತಿದ್ದೆ: ಆ ಹೆಂಗಸು ಚೀಲದಿಂದ ಒಂದು ಕಾಗದ ತೆಗೆದು, ‘ನಿಮ್ಮ ಕ್ಷಮಾಪಣೆ ಓದಿಯೇ ನಮ್ಮವರು ಮೆತ್ತಗಾದದ್ದು’ ಎಂದರು. ಕೆಳಗೆ ನನ್ನ ಹೆಸರು. ‘ತೀವ್ರವಾಗಿ ವಿಷಾದಿಸುತ್ತೇನೆ’ ಎಂಬ ಮಾತನ್ನು ನಾನು ಜನ್ಮದಲ್ಲಿ ಬರೆದವಳಲ್ಲ, ಓದಿದ ಕೂಡಲೇ ನಿನ್ನ ಕೆಲಸ ಎಂದು ಗೊತ್ತಾಯಿತು. ‘ಇದು ನನ್ನದಲ್ಲ, ನನ್ನ ಮಗಳು ಹೆದರಿ ಬರೆದದ್ದು. ಇದಕ್ಕಾಗಿ ಹಣ ಕೊಡುವುದಾದರೆ ಬೇಡ’ ಎಂದೆ. ಅವರು ಕಾಗದ ನನ್ನ ಕೈಗೇ ಕೊಟ್ಟು, ‘ಸೋಮವಾರದಿಂದ ಥೆರಪಿಸ್ಟ್ ಹುಡುಕಲು ಶುರು ಮಾಡಿ’ ಎಂದು ಹೋದರು. ಅದನ್ನು ಇದರ ಒಳಗೆ ಮಡಚಿ ಇಟ್ಟಿದ್ದೇನೆ. ನಿನ್ನದು ನಿನಗೆ.