ಬೆಳ್ಳಿಚುಕ್ಕಿ ಮೆಲೋಡೀಸಿನ ಹೆಣ್ಣು ದನಿ

ಬೆಟಗೇರಿ,
೧೧ ಫೆಬ್ರುವರಿ ೨೦೨೫, ಮಂಗಳವಾರ

ಇಚಲಕರಂಜಿಯ ಪವರ್‌ಲೂಮುಗಳ ಗದ್ದಲದ ನಡುವೆಯೂ ತಾಳ ತಪ್ಪದವನೂ, ಬೆಳ್ಳಿಚುಕ್ಕಿ ಮೆಲೋಡೀಸಿನ ಮಾಜಿ ಪ್ಯಾಡ್ ವಾದಕನೂ, ಮೂರನೇ ಇಯತ್ತೆಯಿಂದ ನಾನು ಮಾಡಿದ ಪಾಪಗಳಿಗೆಲ್ಲ ಏಕೈಕ ಸಾಕ್ಷಿಯೂ ಆದ ಶ್ರೀಮಾನ್ ನವಾಜನ ಸನ್ನಿಧಾನಕ್ಕೆ ಅಪ್ಪುವಿನ ಸಾಷ್ಟಾಂಗ ನಮಸ್ಕಾರಗಳು.

ಫೋನು ಎತ್ತುತ್ತಿಲ್ಲವೆಂದು ನೀನು ಕಳಿಸಿದ ಬೈಗುಳಗಳೆಲ್ಲ ಸುರಕ್ಷಿತವಾಗಿ ತಲುಪಿವೆ. ಅವುಗಳಲ್ಲಿ ಒಂದೆರಡು ನನಗೆ ಹೊಸವು. ಮರಾಠಿಯಿಂದ ಬಂದವಿರಬೇಕು, ಸಂಗ್ರಹದಲ್ಲಿ ಇಟ್ಟುಕೊಂಡಿದ್ದೇನೆ. ಎತ್ತದಿರಲು ಕಾರಣ ದೊಡ್ಡದೇನಲ್ಲ. ಫೋನು ಕಿವಿಗಿಟ್ಟರೆ ನಾನು ನಿಮ್ಮ ಅಮ್ಮಿಯ ದನಿಯಲ್ಲಿ ಶುರು ಮಾಡುತ್ತೇನೆ, ನೀನು ನಗುತ್ತೀಯ, ಹೇಳಬೇಕಾದದ್ದು ಅಲ್ಲಿಗೆ ಮುಗಿಯುತ್ತದೆ. ಕಾಗದದ ಮೇಲೆ ನನಗೆ ಬೇರೆ ಯಾರ ದನಿಯೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಗು ಬಂದ ಕಡೆ ನಕ್ಕುಬಿಡು, ಆದರೆ ಓದುವುದನ್ನು ನಿಲ್ಲಿಸಬೇಡ.

ದೀಪಾವಳಿ ಮುಗಿಸಿ ನೀನು ಊರು ಬಿಡುವಾಗ ವಿರೂಪಾಕ್ಷಪ್ಪ ಕಾಕಾನ ಮುಂದೆ ನನ್ನ ಹೆಸರು ಹೇಳಿ ಹೋದೆಯಲ್ಲ, ಎಲ್ಲ ಅಲ್ಲಿಂದಲೇ ಶುರುವಾಯಿತು. ವಾರವೆಲ್ಲ ಸುಟ್ಟ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತಿ, ಭಾನುವಾರ ಮಾತ್ರ ಅದೇ ಅಂಗಡಿಯ ಶಟರನ್ನು ಅರ್ಧ ಇಳಿಸಿ ಕೀಬೋರ್ಡಿನ ಮುಂದೆ ಬೆಳ್ಳಿಚುಕ್ಕಿಯ ಸಂಗೀತ ನಿರ್ದೇಶಕನಾಗಿ ಅವತರಿಸುವ ಆ ಮಹಾನುಭಾವನ ಎದುರು ನಾನು ಇಸ್ತ್ರಿ ಅಂಗಿ ತೊಟ್ಟು ಹಾಜರಾದೆ. ಹಳೆಯ ಪ್ರೇಮಗೀತೆಯೊಂದರ ಗಂಡಿನ ಭಾಗವನ್ನು ಕಣ್ಣು ಮುಚ್ಚಿ ಹಾಡಿದೆ. ಕಣ್ಣು ತೆರೆದಾಗ ಕಾಕಾ ಕೈಯಲ್ಲಿದ್ದ ಟೆಸ್ಟರನ್ನು ನಿಧಾನವಾಗಿ ಕೆಳಗಿಟ್ಟು, ಗಂಡಸರ ದನಿ ನಮ್ಮಲ್ಲಿ ಬೇಕಾದಷ್ಟಿದೆ, ಸುಟ್ಟ ಮೋಟಾರಿನ ದನಿಯಂತೂ ಅಂಗಡಿಯಲ್ಲೇ ಇದೆ ಎಂದು ತೀರ್ಪು ಕೊಟ್ಟರು. ಢೋಲಕಿನ ರಹಮಾನಸಾಬ ತಲೆ ತಗ್ಗಿಸಿ ನಕ್ಕ.

ಸೋತು ಹೋಗುವಾಗಲೂ ಒಂದು ಚೇಷ್ಟೆ ಮಾಡಿ ಹೋಗುವುದು ನನ್ನ ಕುಲಧರ್ಮ. ಶಟರಿನ ಬಳಿ ನಿಂತು ಅದೇ ಹಾಡಿನ ಹೆಣ್ಣಿನ ಭಾಗವನ್ನು ಹೆಣ್ಣು ದನಿಯಲ್ಲಿ ಎತ್ತಿಕೊಂಡೆ. ಕಿರಾಣಿ ಅಂಗಡಿಗಳಿಗೆಲ್ಲ ಫೋನು ಮಾಡಿ ಅರ್ಧ ಬೆಟಗೇರಿಯನ್ನು ಯಾಮಾರಿಸಿದ ದನಿ ಅದು, ನಿನಗೆ ಹೇಳಬೇಕೇ? ಒಂದು ಸಾಲು ಮುಗಿಸುವಷ್ಟರಲ್ಲಿ ಶಟರಿನ ಕೆಳಗಿಂದ ಬಗ್ಗಿ ಶಿವರಂಜನಿ ಒಳಗೆ ಬಂದಳು. ಬೆಳ್ಳಿಚುಕ್ಕಿಯ ಬ್ಯಾನರಿನ ಮೇಲೆ ಆರು ವರ್ಷದಿಂದ ನಗುತ್ತ ನಿಂತ ಅದೇ ಮುಖ. ಚಪ್ಪಲಿ ಬಿಡುವುದನ್ನೂ ಮರೆತು ಕೇಳಿದಳು:

"ಕಾಕಾರ, ನಾ ಇನ್ನೂ ಹೊರಗ ಅದೀನಿ. ಒಳಗ ಹಾಡಾಕತ್ತದ್ದು ಯಾರು?"

ಎಲ್ಲರೂ ನನ್ನತ್ತ ನೋಡಿದರು. ಕಾಕಾ ಅಲ್ಲೇ, ಆ ಗಳಿಗೆಯಲ್ಲೇ ನನ್ನನ್ನು ಸೇರಿಸಿಕೊಂಡರು. ಗದಗ-ಬೆಟಗೇರಿ ಅವಳಿ ನಗರವನ್ನು ಯುದ್ಧವಿಲ್ಲದೆ ಗೆದ್ದವನ ಹಾಗೆ ಮನೆಗೆ ಬಂದೆ.

ಯಾಕೆ ಸೇರಿಸಿಕೊಂಡರು ಎಂಬುದು ತಿಳಿಯಲು ಮೂರ್ನಾಲ್ಕು ಭಾನುವಾರ ಹಿಡಿಯಿತು. ಶಿವರಂಜನಿಗೆ ಮುಂಡರಗಿಯಲ್ಲಿ ವರ ಗೊತ್ತಾಗಿತ್ತು. ಹುಡುಗ ಮಹಾದೇವ, ಗೊಬ್ಬರ-ಬೀಜದ ಅಂಗಡಿ. ಅವನ ತಾಯಿ ಸುಮಿತ್ರವ್ವ ಬಂಗಾರ ಕೇಳಲಿಲ್ಲ, ಗಾಡಿ ಕೇಳಲಿಲ್ಲ. ನಿಶ್ಚಯವಾದ ಮೇಲೆ ಹುಡುಗಿ ಸ್ಟೇಜು ಹತ್ತಬಾರದು ಎಂದಷ್ಟೇ ಕೇಳಿದಳು. ಹುಲಕೋಟಿಯ ಶಾಲೆಯಲ್ಲಿ ಕಲಿಸುವ ಅವಳ ಅಪ್ಪ ಸಂಗಪ್ಪ ಮಾಸ್ತರರು, ಮಗಳಿಗೆ ರಾಗದ ಹೆಸರಿಟ್ಟವರು, ಆಗಲಿ ಎಂದು ಮಾತು ಕೊಟ್ಟರು. ಲಗ್ನದ ಹಂಗಾಮು ಮುಂದೆ ಬಂದು ನಿಂತಿತ್ತು. ಹಾಡುವ ಇನ್ನೊಬ್ಬ ಹುಡುಗಿ ಕಾಕಾನಿಗೆ ಸಿಕ್ಕಿರಲಿಲ್ಲ. ನಾನು ಸಿಕ್ಕೆ. ನಾನು ಬಗ್ಗಿ ಒಳಗೆ ಬಂದ ಆ ಅರ್ಧ ಶಟರಿನ ಕೆಳಗಿಂದಲೇ ಆಕೆ ಹೊರಗೆ ಹೋಗುವವಳಿದ್ದಳು, ಅದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ತನ್ನ ಹಾಡುಗಳನ್ನೆಲ್ಲ ಆಕೆಯೇ ನನಗೆ ಕಲಿಸಿದಳು. ಮೊದಲ ದಿನ ನಾನು ಸೊಂಟ ಕುಣಿಸಿ, ಕುತ್ತಿಗೆ ಕೊಂಕಿಸಿ ಹಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಆಕೆ ಮಾತ್ರ ನಗಲಿಲ್ಲ. ಹಾಡುವಾಗ ತಾನೆಂದಾದರೂ ಹೀಗೆ ಕುಣಿದದ್ದನ್ನು ನೋಡಿದ್ದೀಯಾ ಎಂದು ಕೇಳಿದಳು. ಅಂದಿನಿಂದ ಕೈಕಟ್ಟಿ ಕೂತು ಕಲಿತೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಸ್ಟೀಲಿನ ಚಹಾ ಲೋಟವನ್ನು ಉಂಗುರದಿಂದ ಒಮ್ಮೆ ಬಡಿಯುತ್ತಿದ್ದಳು. ಶ್ರುತಿ ಇಳಿದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಬೇಡ ಎನ್ನುವ ಹಾಗೆ ಸಣ್ಣಗೆ ತಲೆಯಾಡಿಸುತ್ತಿದ್ದಳು. ರಹಮಾನಸಾಬ ನನಗೆ ಬೇಗಂ ಎಂದು ನಾಮಕರಣ ಮಾಡಿದ. ನಾನೂ ಪ್ರತಿ ವಾರ ಗಂಭೀರವಾಗಿ ಅವನಿಗೆ ಮೂರು ಸಲ ತಲಾಖ್ ಕೊಟ್ಟು ತಾಲೀಮು ಶುರು ಮಾಡುತ್ತಿದ್ದೆ. ನಿನ್ನ ಪ್ಯಾಡು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಒಟ್ಟಿನಲ್ಲಿ ನವಾಜ, ಆ ಗ್ರೀಸಿನ ವಾಸನೆಯ ಅಂಗಡಿಯಲ್ಲಿ ನಾನು ಬಹಳ ಸುಖವಾಗಿದ್ದೆ.

ಒಂದು ಭಾನುವಾರ ಕರೆಂಟು ಹೋಯಿತು. ಉಳಿದವರು ಚಹಾಕ್ಕೆಂದು ಎದ್ದು ಹೋದರು. ಆಕೆ ಲೋಟವನ್ನು ದುಪಟ್ಟಾದ ತುದಿಯಿಂದ ಒರೆಸುತ್ತ ಕೂತಿದ್ದಳು. ಆಮೇಲೆ ನನ್ನತ್ತ ನೋಡದೆ ಹೇಳಿದಳು:

"ಅಪ್ಪು, ನೀ ಎಲ್ಲಾರ ದನಿ ತಗೀತಿ. ನಿಂದು ಯಾವುದು? ಒಂದ ಮಾತು ನಿನ್ನ ದನ್ಯಾಗ ಹೇಳು ನೋಡೋಣು."

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಾನು ಏನು ಮಾಡಿದೆ ಗೊತ್ತೇ? ಗಂಟಲು ಸರಿಮಾಡಿಕೊಂಡು, ಥೇಟು ವಿರೂಪಾಕ್ಷಪ್ಪ ಕಾಕಾನ ದನಿಯಲ್ಲಿ, ಎರಡನೇ ಚರಣ ಇನ್ನೊಮ್ಮೆ ಆಗಲಿ ಶಿವರಂಜನಿ ಎಂದೆ. ಆಕೆ ನಕ್ಕಳು. ಲೋಟವನ್ನು ಕೆಳಗಿಟ್ಟಳು. ಆಮೇಲೆ ಎರಡನೇ ಚರಣವನ್ನು ಇನ್ನೊಮ್ಮೆ ಹಾಡಿದಳು. ಡಿಸೆಂಬರಿನಲ್ಲಿ ನಿಶ್ಚಯವಾಯಿತು. ಆಕೆ ತಾಲೀಮಿಗೆ ಬರುವುದು ನಿಂತಿತು.

ಜನವರಿಯಲ್ಲಿ ಲಕ್ಷ್ಮೇಶ್ವರದಲ್ಲೊಂದು ಆರತಕ್ಷತೆ. ನನ್ನ ಮೊದಲ ಕಾರ್ಯಕ್ರಮ. ಮೀಸೆಯವನು ಹೆಣ್ಣು ದನಿಯಲ್ಲಿ ಹಾಡಿದರೆ ಜನ ನಗುತ್ತಾರೆ, ಕೇಳುವುದಿಲ್ಲ ಎಂದು ಕಾಕಾನ ಅಭಿಪ್ರಾಯ. ಮೀಸೆ ತೆಗೆಯುವುದಿಲ್ಲವೆಂದು ನನ್ನ ಪ್ರತಿಜ್ಞೆ. ರಾಜಿಯಾಗಿ ನನ್ನನ್ನು ಸೌಂಡ್ ಬಾಕ್ಸುಗಳ ಹಿಂದೆ ಮೈಕು ಕೊಟ್ಟು ಕೂರಿಸಿದರು. ಸ್ಟೇಜಿನ ಹಿಂದೆ ಹಳೆಯ ಬ್ಯಾನರೇ ತೂಗುತ್ತಿತ್ತು, ಶಿವರಂಜನಿಯ ಫೋಟೊ ಸಮೇತ. ಹೊಸದು ಮಾಡಿಸುವುದು ಯಾರಿಗೂ ಹೊಳೆದಿರಲಿಲ್ಲ. ಅದರ ಮೇಲೆ ಕಾಕಾ, ಆರು ವರ್ಷದ ನಾಲಿಗೆಯ ರೂಢಿ ನೋಡು, ಮೈಕು ಹಿಡಿದು "ಈಗ ನಿಮ್ಮ ಮುಂದ ಗಾನಕೋಗಿಲೆ ಶಿವರಂಜನಿ" ಎಂದುಬಿಟ್ಟರು. ಗಾನಕೋಗಿಲೆ ಬಾಕ್ಸಿನ ಹಿಂದಿಂದ ಹಾಡಿತು. ಬಂದವರಲ್ಲಿ ಮಹಾದೇವನ ಸೋದರತ್ತೆ ಒಬ್ಬಳಿದ್ದಳು. ಬ್ಯಾನರು, ಹೆಸರು, ದನಿ ಮೂರನ್ನೂ ಫೋನಿನಲ್ಲಿ ತುಂಬಿಕೊಂಡಳು. ಮರುದಿನ ಅದು ಮುಂಡರಗಿಯಲ್ಲಿತ್ತು.

ಮಾತು ಕೊಟ್ಟು ಕದ್ದು ಹಾಡಿಸುತ್ತೀರಿ ಎಂದು ಸುಮಿತ್ರವ್ವ ಮಾಸ್ತರರಿಗೆ ಫೋನು ಮಾಡಿದಳು. ಮಗಳು ಆವತ್ತು ಮನೆ ಬಿಟ್ಟು ಕದಲಿಲ್ಲವೆಂದು ಇವರು ಆಣೆ ಇಟ್ಟರು. ಹಾಡಿದ್ದು ಒಬ್ಬ ಹುಡುಗ ಎಂದದ್ದಕ್ಕೆ, ಸುಳ್ಳು ಹೇಳುವುದಾದರೆ ನಂಬುವಂಥದ್ದನ್ನಾದರೂ ಹೇಳಿರಿ ಎಂದು ಆ ಕಡೆಯಿಂದ ಉತ್ತರ ಬಂತು. ಭಾನುವಾರ ಬೆಟಗೇರಿಗೆ ಬಂದು ಸಂಬಂಧದ ಕಡ್ಡಿ ಮುರಿದು ಹೋಗುತ್ತೇವೆ ಎಂದರು.

ಆವತ್ತು ಅವರ ಮುಂದೆ ಹಾಡಿ ತೋರಿಸಲೆಂದು ಕಾಕಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಾಸ್ತರರ ಮನೆಗೆ ಹೊರಟರು. ಕೀಬೋರ್ಡು ನನ್ನ ತೊಡೆಯ ಮೇಲೆ. ದಾರಿಯಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಆ ಪಡಸಾಲೆಯಲ್ಲಿ ನಾನು ಗಂಟಲು ಕೆಟ್ಟಿದೆ ಎಂದು ಕೆಮ್ಮಿದರೂ ಸಾಕು, ಮುಂಡರಗಿಯವರು ಎದ್ದು ಹೋಗುತ್ತಾರೆ. ಲಗ್ನವಿಲ್ಲ. ಮುಂದಿನ ಭಾನುವಾರ ಆಕೆ ಮತ್ತೆ ಶಟರಿನ ಕೆಳಗಿಂದ ಬಗ್ಗಿ ಬರುತ್ತಾಳೆ. ಜೀವಮಾನದ ಚೇಷ್ಟೆ! ಸ್ಕೂಟರಿನ ಮೇಲೆ ಒಬ್ಬನೇ ನಕ್ಕೆ ಕೂಡ. ಬಾಗಿಲಲ್ಲಿ ಸಂಗಪ್ಪ ಮಾಸ್ತರರು ನನ್ನ ಎರಡೂ ಕೈ ಹಿಡಿದುಕೊಂಡರು.

"ಅಪ್ಪು, ನನ್ನ ಮಾತು ನಿನ್ನ ಗಂಟಲದಾಗ ಐತಪಾ," ಎಂದರು.

ಒಳಗೆ ಸುಮಿತ್ರವ್ವ ಕಂಬಕ್ಕೆ ಆತು ಕೂತಿದ್ದಳು, ಪಕ್ಕದಲ್ಲಿ ಮಹಾದೇವ. ನನ್ನ ಮೀಸೆಯನ್ನು ಬಹಳ ಹೊತ್ತು ನೋಡಿದಳು. ಒಳಗಿನ ಕೋಣೆಯಲ್ಲಿ ಕೂತು ಹುಡುಗಿಯೇ ಹಾಡಿ, ಇವನು ಬಾಯಿ ಆಡಿಸಿದರೆ ನಮಗೆ ಹೇಗೆ ಗೊತ್ತಾಗಬೇಕು ಎಂದಳು. ಹುಡುಗಿಯನ್ನು ಹೊರಗೆ ಕರೆಸಿ ನನ್ನ ಎದುರಿಗೇ ಕೂರಿಸಿದರು. ಅಷ್ಟಕ್ಕೂ ಸಮಾಧಾನವಾಗಲಿಲ್ಲ.

"ಒಂದ್ ತಂಬಗಿ ನೀರು ತರ್ರಿ. ಆಕಿ ಬಾಯಿ ತುಂಬ ನೀರು ಹಿಡಕೊಂಡು ಕುಂಡರ್ಲಿ. ಆಮ್ಯಾಲೆ ಇಂವಾ ಹಾಡ್ಲಿ."

ನವಾಜ, ನಗು ಬರುವುದಾದರೆ ಇಲ್ಲೇ ನಕ್ಕುಬಿಡು. ಮಹಾದೇವ ತಲೆ ತಗ್ಗಿಸಿದ, ಇದೆಲ್ಲ ಬೇಡವ್ವಾ ಎಂದು ಮೆಲ್ಲಗೆ ಅಂದ. ಯಾರೂ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಶಿವರಂಜನಿ ತಂಬಿಗೆ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡಳು. ಕೆನ್ನೆ ಎರಡೂ ಉಬ್ಬಿದವು, ಚಿಕ್ಕ ಹುಡುಗಿಯ ಹಾಗೆ. ಕಣ್ಣು ನನ್ನ ಮೇಲೆ. ಕಾಕಾ ಶ್ರುತಿ ಕೊಟ್ಟರು. ನಾನು ಹಾಡಿದೆ.

ಎದುರಿಗೆ ಆಕೆ, ನನ್ನ ಬಾಯಿಂದ ಬರುವುದು ಆಕೆಯ ದನಿ. ಉಸಿರಿನ ಜಾಗ ಬಂದಾಗಲೆಲ್ಲ ಲೋಟದ ಸದ್ದಿಗಾಗಿ ಕಿವಿ ಕಾಯುತ್ತಿತ್ತು. ಎರಡನೇ ಚರಣಕ್ಕೆ ಬಂದಾಗ ಆಕೆ ಸಣ್ಣಗೆ ತಲೆಯಾಡಿಸಿದಳು. ಶ್ರುತಿ ಇಳಿಯಿತು ಎಂದುಕೊಂಡೆ. ದನಿಯನ್ನು ಎತ್ತಿ ಸರಿಮಾಡಿಕೊಂಡೆ. ಮತ್ತೊಮ್ಮೆ ತಲೆಯಾಡಿಸಿದಳು, ಇನ್ನಷ್ಟು ಎಚ್ಚರದಿಂದ ಹಾಡಿದೆ. ಕೊನೆಯ ಸಾಲು ನಾನು ಎಂದೂ ಹಾಡದಷ್ಟು ಚೆನ್ನಾಗಿ ಬಂತು. ಮುಗಿಸಿದಾಗ ಸುಮಿತ್ರವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಶಿವರಂಜನಿ ನೀರು ನುಂಗಲಿಲ್ಲ. ಹಾಗೇ ಎದ್ದು ಬಚ್ಚಲಿಗೆ ಹೋದಳು. ಉಗುಳಿದ ಸದ್ದಾಯಿತು. ಆಮೇಲೆ ನಲ್ಲಿ ಬಿಟ್ಟ ಸದ್ದು. ನಾವು ಚಹಾ ಕುಡಿದು ಏಳುವವರೆಗೂ ಆ ನಲ್ಲಿ ಸುರಿಯುತ್ತಲೇ ಇತ್ತು.

ಪರಿಣಾಮಗಳನ್ನು ಕ್ರಮವಾಗಿ ಅರಿಕೆ ಮಾಡುತ್ತೇನೆ. ಮಾಸ್ತರರ ಮಾತು ಉಳಿಯಿತು. ಮಹಾದೇವ ನನ್ನ ಕೈ ಕುಲುಕಿ, ತನಗೆ ಮೊದಲಿನಿಂದಲೂ ನಂಬಿಕೆಯಿತ್ತು, ತಾಯಿಗೆ ಇರಲಿಲ್ಲ ಎಂದ. ಒಳ್ಳೆಯವನು ಕಣೋ, ಬೈಯಲು ಒಂದು ಎಳೆಯನ್ನೂ ಬಿಟ್ಟುಕೊಡದ ಮನುಷ್ಯ, ಅದಕ್ಕೇ ಅವನ ಮೇಲೆ ಇಷ್ಟು ಸಿಟ್ಟು. ಸುಮಿತ್ರವ್ವ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ ಮಾತು ಇದು:

"ತಮ್ಮಾ, ಲಗ್ನದಾಗೂ ನೀನ ಹಾಡಬೇಕು ನೋಡು. ಡಬ್ಬಿ ಹಿಂದ ಕುಂತಲ್ಲ, ಮುಂದ ನಿಂತು ಹಾಡು. ಹಾಡಾಂವ ಯಾರು ಅಂತ ನಮ್ಮ ಮಂದಿಯೆಲ್ಲಾ ನೋಡ್ಲಿ."

ಹೀಗೆ ಬೆಳ್ಳಿಚುಕ್ಕಿ ಮೆಲೋಡೀಸಿನಲ್ಲಿ ನಾನು ಪೂರ್ತಿಯಾಗಿ ಸೇರಿಕೊಂಡೆ. ಬ್ಯಾನರು ಬದಲಾಯಿತು. ಆಕೆ ನಗುತ್ತಿದ್ದ ಜಾಗದಲ್ಲಿ ಈಗ ನಾನು, ಮೀಸೆ ತಿರುವಿ, ಪಾಸ್‌ಪೋರ್ಟ್ ಫೋಟೊದ ಮುಖ ಹೊತ್ತು ನಿಂತಿದ್ದೇನೆ. ರಹಮಾನಸಾಬ ಬೇಗಂ ಎನ್ನುವುದನ್ನು ಬಿಟ್ಟು ಉಸ್ತಾದ ಎನ್ನತೊಡಗಿದ್ದಾನೆ. ಬೇಗಂ ಎಂದೇ ಕರೆಯಪ್ಪಾ ಎಂದು ಬೇಡಿಕೊಂಡೆ, ಇನ್ನು ಮುಂದೆ ಬಾಯಿ ಬರುವುದಿಲ್ಲ ಎಂದ. ಕಾಕಾ ನನಗೆಂದು ಬೇರೆ ಲೋಟ ಇಟ್ಟಿದ್ದಾರೆ. ಆಕೆಯ ಲೋಟದಲ್ಲಿ ಈಗ ಸ್ಕ್ರೂ ಹಾಕಿಡುತ್ತಾರೆ.

ಬರುವ ಭಾನುವಾರ ಮುಂಡರಗಿಯಲ್ಲಿ ಲಗ್ನ. ಅಕ್ಕಿಕಾಳು ಬಿದ್ದ ಮೇಲೆ ರಸಮಂಜರಿ. ಸುಮಿತ್ರವ್ವ ಅದೇ ಹಾಡು ಬೇಕೆಂದು ಹೇಳಿ ಕಳಿಸಿದ್ದಾಳೆ. ಮದುಮಕ್ಕಳ ಕುರ್ಚಿಗಳಿಗೂ ನಮ್ಮ ಸ್ಟೇಜಿಗೂ ನಡುವೆ ಹೆಚ್ಚು ಜಾಗವಿಲ್ಲವಂತೆ. ಒಲ್ಲೆ ಎನ್ನಲು ಕಾಕಾನ ಅಂಗಡಿಯವರೆಗೆ ಹೋದೆ, ಹೊಸ ಬ್ಯಾನರಿನ ಕೆಳಗೆ ಚಹಾ ಕುಡಿದು ಬಂದೆ.

ಆದ್ದರಿಂದ ಶ್ರೀಮಾನ್ ನವಾಜ, ಈ ಪತ್ರವನ್ನೇ ಆಮಂತ್ರಣವೆಂದು ತಿಳಿದು, ಮಾಲಕನಿಗೆ ಯಾವುದಾದರೂ ಘನವಾದ ಸುಳ್ಳು ಹೇಳಿ, ಶನಿವಾರದ ಬಸ್ಸು ಹಿಡಿ. ನಿನ್ನ ಪ್ಯಾಡಿನ ಮೇಲಿನ ಬಟ್ಟೆ ತೆಗೆದು ಒರೆಸಿಟ್ಟಿದ್ದೇನೆ. ನೀನು ನನ್ನ ಎಡಕ್ಕೆ ಕೂತರೆ ನಾನು ನಿನ್ನ ಮುಖ ನೋಡಿಕೊಂಡು ಹಾಡುತ್ತೇನೆ. ಎರಡನೇ ಚರಣ ಬಂದಾಗ ಜೋರಾಗಿ ಬಾರಿಸು. ಕಾಕಾ ಬೈದರೂ ಬಿಡಬೇಡ. ನನ್ನ ದನಿ ಯಾರಿಗೂ ಕೇಳದಷ್ಟು ಬಾರಿಸು.

ಅಮ್ಮಿ ಆರೋಗ್ಯವಾಗಿದ್ದಾರೆ. ಅವರ ದನಿಯಲ್ಲಿ ನಾನು ಕಿರಾಣಿ ಅಂಗಡಿಗೆ ಫೋನು ಮಾಡಿ ಬಹಳ ದಿನವಾಯಿತು ಎಂದು ಅವರೇ ನೆನಪಿಸಿದರು.

ಇಂತಿ ನಿನ್ನ,
ಮೀಸೆಸಹಿತ ಗಾನಕೋಗಿಲೆ,
ಅಪ್ಪು

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಮಾತು ಸುಳ್ಳು. ಹರಿದು ಮತ್ತೆ ಬರೆಯುವ ಧೈರ್ಯವಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಆವತ್ತು ಸ್ಕೂಟರಿನಲ್ಲಿ ಮರಳುವಾಗ ಕಾಕಾ ಅಂದರು, ಇಷ್ಟು ವರ್ಷದಲ್ಲಿ ಇಂಥ ಶ್ರುತಿ ಕೇಳಿಲ್ಲ, ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ ಎಂದು. ಅವರು ಹೇಳುವುದು ಬೇಕಿರಲಿಲ್ಲ, ಆಕೆ ತಲೆಯಾಡಿಸಿದಾಗಲೇ ನನಗೆ ಗೊತ್ತಿತ್ತು. ಬಾಯಿ ತುಂಬ ನೀರು ಹಿಡಿದವಳು ಬೇಡ ಎಂದು ಇನ್ನು ಹೇಗೆ ಹೇಳಬೇಕು? ಒಂದು ಸಾಲು ಕೆಡಿಸಿದ್ದರೆ ಸಾಕಿತ್ತು. ಮಾಸ್ತರರ ಮಾತು ಉಳಿಸಲು ಕೆಡಿಸದೆ ಹಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಆದರೆ ಆ ಗಳಿಗೆಯಲ್ಲಿ ಮಾಸ್ತರರ ನೆನಪೇ ಇರಲಿಲ್ಲ. ಆಕೆಯ ಎದುರು, ಆಕೆ ಕಲಿಸಿದ ಹಾಗೇ ಬರುತ್ತಿತ್ತು; ನಿಲ್ಲಿಸಲು ಆಗಲಿಲ್ಲ. ಶ್ರುತಿ ಸರಿಯಾಗಿತ್ತು, ನವಾಜ.