ನಾನು ಅಳಿಸಿದ ಕೆಂಪು ಚೌಕ

ಕೆಳಗಿನ ಮನೆಯ ನನ್ನ ಬಸಣ್ಣನಿಗೆ,

ಅಣ್ಣ ಎಂದು ಕರೆಯಲು ನಾಚಿಕೆಯಾಗುತ್ತಿದೆ. ಬೇರೆ ಹೇಗೆ ಕರೆಯಬೇಕೋ ತಿಳಿಯದು.

ಕಾಡುಗೋಡಿಯ ನಮ್ಮ ಮನೆಯ ಕೆಳಗಿನ ರೂಮಿಗೆ ನೀವೂ ನಿಮ್ಮ ಹೆಂಡತಿ ಗಂಗವ್ವಕ್ಕನೂ ಬಾಡಿಗೆಗೆ ಬಂದ ವಾರವೇ ನನ್ನ ಕೆಲಸ ಏನೆಂದು ಕೇಳಿದ್ದಿರಿ. ಮಾರತ್ತಹಳ್ಳಿಯ ಆಫೀಸಿನಲ್ಲಿ ಮಳೆಗಾಳಿ ತೋರಿಸೋ ಮೊಬೈಲ್ ಆಪ್ ಮಾಡ್ತೀವಿ, ಇನ್ನೊಂದು ಗಂಟೆಯೊಳಗೆ ಬಿರುಗಾಳಿ ಬರೋ ಜಾಗ ನಕ್ಷೆಯಲ್ಲಿ ಕೆಂಪು ಚೌಕವಾಗಿ ಕಾಣುತ್ತೆ ಎಂದೆ. "ನಾ ಗ್ವಾಡಿಗೆ ಸಿಮೆಂಟ್ ಗಿಲಾವ್ ಮಾಡಾಂವ ತಂಗೀ, ಬೊಂಬಿನ ಸಾರುವಿ ಮ್ಯಾಲ ನಿಂತಾಂವಗ ಗಾಳಿ ಸುದ್ದಿ ಭಾಳ ಬೇಕವಾ" ಎಂದು ನಕ್ಕಿರಿ. ನಿಮ್ಮದು ಬಟನ್ ಫೋನು. ಮೋಡ ಕಟ್ಟಿದಾಗಲೆಲ್ಲ ನನಗೆ ಫೋನ್ ಮಾಡುತ್ತಿದ್ದಿರಿ, ನಾನು ನೋಡಿ ಹೇಳುತ್ತಿದ್ದೆ. ಎಂಥ ಜಂಬ ಇತ್ತು ನನಗೆ!

ಆ ಕೇಕ್ ನೆನಪಿದೆಯಾ? ನಕ್ಷೆಯಲ್ಲಿ ಎಲ್ಲೋ ಒಂದೇ ಒಂದು ಚೌಕ ಕೆಂಪಾಗುತ್ತಿತ್ತು, ಎಷ್ಟೋ ಸಲ ಅಲ್ಲಿ ಎಲೆಯೂ ಅಲುಗಾಡುತ್ತಿರಲಿಲ್ಲ. ಸುಮ್ಮನೆ ಹೆದರಿಸ್ತೀರಾ ಎಂದು ಜನ ಬೈಯುತ್ತಿದ್ದರು. ಅದಕ್ಕೆ ನಾನೇ ಒಂದು ನಿಯಮ ಬರೆದೆ. ಅಕ್ಕಪಕ್ಕದ ಚೌಕಗಳು ಕೆಂಪಾಗದಿದ್ದರೆ ಆ ಒಂಟಿ ಕೆಂಪು ಸುಳ್ಳು, ಅಳಿಸಿಬಿಡು. ಬೈಗುಳ ನಿಂತಿತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ನಿಮಗೂ ಒಂದು ತುಂಡು ತಂದುಕೊಟ್ಟೆ. ಯಾತಕ್ಕೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇ ತಿಂಗಳ ಆ ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ನಿಮ್ಮ ಫೋನ್ ಬಂತು. "ತಂಗೀ, ಮಾಡ ಕರ್ರಗಾಗೈತಿ, ಗಾಳಿನೂ ತಣ್ಣಗ ಬೀಸಾಕತ್ತೈತಿ. ಇಳೀಲೇನು? ಕಲಸಿದ ಸಿಮೆಂಟ್ ಕೆಡತೈತಿ" ಎಂದಿರಿ. ನೋಡಿದೆ. ನೀವು ಕೆಲಸ ಮಾಡುತ್ತಿದ್ದ ಕಾಡುಗೋಡಿಯ ಮೇಲೆಲ್ಲ ಹಸಿರು, ಅಂದರೆ ಗಾಳಿಯ ಭಯವಿಲ್ಲ. "ಏನೂ ಇಲ್ಲ ಬಸಣ್ಣ, ಮುಗಿಸ್ಕೊಂಡೇ ಬನ್ನಿ" ಅಂದುಬಿಟ್ಟೆ. ಹತ್ತು ನಿಮಿಷವೂ ಆಗಿರಲಿಲ್ಲ, ಗಾಳಿ ಇಡೀ ಸಾರುವೆಯನ್ನೇ ಕಿತ್ತು ಕೆಡವಿತು. ಮೂರನೇ ಮಹಡಿಯಿಂದ ನೀವು... ಮಾರನೆಯ ದಿನ ರಾಡಾರಿನಿಂದ ಬಂದ, ನನ್ನ ನಿಯಮ ಇನ್ನೂ ಮುಟ್ಟದ ಮೂಲ ನಕ್ಷೆ ತೆರೆದು ನೋಡಿದೆ. ಕೆಂಪು ಚೌಕ ಇತ್ತು ಅಣ್ಣ, ಸರಿಯಾಗಿ ನಿಮ್ಮ ಕಟ್ಟಡದ ಮೇಲೆ, ಒಂದೇ ಒಂದು. ನನ್ನ ನಿಯಮ ಅದನ್ನು ಒರೆಸಿಹಾಕಿತ್ತು.

ಮಣ್ಣು ಮಾಡಿದ ದಿನ ನಿಮ್ಮ ಮೇಸ್ತ್ರಿ "ಮೋಡ ನೋಡ್ಕೊಂಡೂ ಇಳೀಲಿಲ್ಲ ಕಣ್ರೀ, ಅವನ್ದೇ ತಪ್ಪು" ಎಂದರು. ನಾನು ಅಲ್ಲೇ ನಿಂತಿದ್ದೆ. ಇಳೀಬೇಡ ಅಂದವಳು ನಾನು ಎಂದು ಒಂದು ಮಾತು ಹೇಳಬಹುದಿತ್ತಲ್ಲ? ಗಂಗವ್ವಕ್ಕನನ್ನು ತಬ್ಬಿಕೊಂಡು ಅತ್ತೆನೇ ಹೊರತು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ!

ಹೋದ ತಿಂಗಳು ಮ್ಯಾನೇಜರ್ ಹತ್ತಿರ ಜಗಳವಾಡಿ ಆ ನಿಯಮ ತೆಗೆಸಿದೆ. ಈಗ ಒಂಟಿ ಚೌಕವೂ ಕಾಣುತ್ತದೆ. ಖಚಿತವಿಲ್ಲ, ಆದರೂ ಎತ್ತರದಲ್ಲಿದ್ದರೆ ಇಳಿಯಿರಿ ಎಂದು ಕೆಳಗೆ ಬರೆದಿರುತ್ತದೆ. ಜನ ಮತ್ತೆ ಬೈಯುತ್ತಿದ್ದಾರೆ, ಬೈಯಲಿ. ಅದನ್ನು ಇನ್ನು ಯಾರಿಗೂ ಅಳಿಸಲು ಬಿಡುವುದಿಲ್ಲ.

ನಿನ್ನೆ ಗಂಗವ್ವಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಗೊತ್ತೈತಿ ತಂಗೀ. ಕಡೀ ಫೋನ್ ನಿನಗ ಹಚ್ಚಿದ್ರು ಅಂತ ಅವರ ಬಾಜೂಕ ಕೆಲಸಾ ಮಾಡಾಂವ ಅವತ್ತೇ ಹೇಳಿದ್ದ. ನೀನಾಗೇ ಬಂದು ಹೇಳ್ತೀ ಅಂತ ದಿನಾ ಸಂಜೀಕ ಬಾಗಲಾ ತಗದು ಕುಂದರ್ತಿದ್ದೆ" ಎಂದರು.

ಒಂದು ವರ್ಷ, ಅಣ್ಣ. ದಿನವೂ ಆ ಬಾಗಿಲ ಮುಂದೆಯೇ ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿ ಹೋದೆ.